ಲೈಟ್ ಹಾಕಿದರೆ ನೀರು ಕಾಯುತ್ತಿದ್ದ ಕಾರು

ಕಾರಿನ ಇಂಜಿನ್ ಹದ ಮಾಡಲು ಬಂದಿದ್ದ ಆ ಟ್ಯೂನರ್‌ನ ಮುಖ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಅವನಿಗಿಂತ ಹೆಚ್ಚಿನ ಸಿಟ್ಟು ನನ್ನ ಅಣ್ಣನ ಮೇಲೆ.

ಹಾಸನದಲ್ಲಿ ಹೊಳೆನರಸೀಪುರದ ರಸ್ತೆಗೆ ಅಣ್ಣನ ಗ್ಯಾರೇಜು. ಇಂಜಿನ್ ಕೆಲಸ ಅವನದು, ವೈರಿಂಗ್ ನನ್ನದು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದವಳು ನಾನು. ಹೊಳೆನರಸೀಪುರದ ಮನೆಯಿಂದ ಇಬ್ಬರೂ ಬೆಳಗಿನ ಬಸ್ಸಿಗೆ ಬರುತ್ತಿದ್ದೆವು. ಸೆಲ್ಫ್ ಮೋಟರ್ ಬಿಚ್ಚುವವಳು ನಾನಾದರೂ ಅದಕ್ಕೇನಾಗಿದೆ ಎಂದು ಗಿರಾಕಿಗಳು ಕೇಳುತ್ತಿದ್ದುದು ಅಣ್ಣನನ್ನು. ಅದಕ್ಕೆ ಒಗ್ಗಿಹೋಗಿದ್ದೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿರಬೇಕು. ಅರಕಲಗೂಡಿನ ಕಡೆಯ ಗೌಡರೊಬ್ಬರು ತಮ್ಮ ಪೆಟ್ರೋಲ್ ಕಾರಿಗೆ ಸೂಪರ್‌ಚಾರ್ಜರ್ ಹಾಕಿಸುತ್ತೇನೆಂದು ಬಂದರು. ಇಂಜಿನ್ನಿನದೇ ಬೆಲ್ಟಿನಿಂದ ತಿರುಗಿ, ಗಾಳಿಯನ್ನು ಒತ್ತಿ ಒಳಗೆ ತುಂಬುವ ಪಂಪು ಅದು. ಅವರಿಗೆ ರ‍್ಯಾಲಿ ಓಡಿಸುವ ಹುಚ್ಚು. ಇಂಜಿನ್ ಬಿಚ್ಚಿ ಕಟ್ಟುವ ಕೆಲಸ ಅಣ್ಣನಿಗೆ ಬಂತು. ಪೆಟ್ರೋಲ್ ಎಷ್ಟು ಬಿಡಬೇಕೆಂದು ಲೆಕ್ಕ ಹಾಕುವ ಹೊಸ ಕಂಪ್ಯೂಟರ್ ಕೂರಿಸಲು ಬೆಂಗಳೂರಿನಿಂದ ಟ್ಯೂನರ್ ಬಂದ. ವೈರಿಂಗ್‌ಗೆ ನಾನು ಕೈಹಾಕಲು ಹೋದರೆ ತಡೆದ. ಇದು ಟ್ರ್ಯಾಕ್ಟರ್ ಅಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ. ಒಂದೊಂದು ತಂತಿಯನ್ನೂ ತಾನೇ ಜೋಡಿಸಿದ.

ಲ್ಯಾಪ್‌ಟಾಪ್ ಸಿಕ್ಕಿಸಿ ಓಡಿಸಿ ನೋಡಿದಾಗ ಪೆಟ್ರೋಲ್ ಜಾಸ್ತಿಯಾಗುತ್ತಿದೆ ಎಂದು ಸೈಲೆನ್ಸರ್ ಪೈಪಿನ ಸೆನ್ಸರ್ ತೋರಿಸಿತು. ಅವನು ಕಡಿಮೆ ಮಾಡಿದ. ಮತ್ತೆ ಜಾಸ್ತಿ ಎಂದಿತು, ಮತ್ತೆ ಕಡಿಮೆ ಮಾಡಿದ. ಕಾರು ವಾಪಸ್ ಬಂದಾಗ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ಪೆಟ್ರೋಲ್ ಜಾಸ್ತಿ ಬಿದ್ದಿದ್ದರೆ ಪ್ಲಗ್ಗಿನ ತುದಿ ಕಪ್ಪಾಗಿರಬೇಕಿತ್ತು. ಇದು ಸುಣ್ಣದ ಹಾಗೆ ಬೆಳ್ಳಗಿತ್ತು. ಎಕ್ಸಲರೇಟರ್ ಒತ್ತಿದಾಗ ಇಂಜಿನ್ನಿನೊಳಗೆ ಯಾರೋ ಬೋಲ್ಟು ಅಲ್ಲಾಡಿಸಿದಂತೆ ಸದ್ದು ಬೇರೆ. ಸೆನ್ಸರ್ ತಪ್ಪು ಹೇಳುತ್ತಿದೆ, ಪೆಟ್ರೋಲ್ ಸಾಲದೆ ಇಂಜಿನ್ ಅತಿಯಾಗಿ ಕಾಯುತ್ತಿದೆ ಎಂದೆ. ಟ್ಯೂನರ್ ನಕ್ಕ. ಸೆನ್ಸರ್ ಹೊಸದು, ಪ್ಲಗ್ ನೋಡಿ ಹೇಳುವ ಕಾಲ ಮುಗಿದು ಎಷ್ಟೋ ವರ್ಷವಾಯಿತು ಎಂದ. ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು, ಸುಮ್ಮನಿರು ಅಂದ. ಸುಮ್ಮನಾದೆ.

ಮಾರನೇ ದಿನ ಮಧ್ಯಾಹ್ನ ಗೌಡರು ಆ ಕಾರನ್ನು ಮೊಸಳೆ ಎಂಬ ಊರಿನ ದಾರಿಯಲ್ಲಿ ಬೀಸಾಗಿ ಓಡಿಸಿದರು. ಊರು ಇನ್ನೂ ಸ್ವಲ್ಪ ದೂರವಿರುವಾಗ ಇಂಜಿನ್ ತಿರುಗದೆ ಹಿಡಿದುಕೊಂಡಿತು. ಹಿಂದೆ ಬಸ್ಸು ಬರುತ್ತಿತ್ತಂತೆ. ಅದರ ಡ್ರೈವರ್ ಪಕ್ಕಕ್ಕೆ ಎಳೆದುಕೊಂಡಿದ್ದರಿಂದ ಗೌಡರು ಬದುಕಿದರು. ಎಳೆದು ತಂದ ಕಾರಿನ ಇಂಜಿನ್ ಬಿಚ್ಚಿದರೆ ಒಂದು ಪಿಸ್ಟನ್ನಿನ ತಲೆ ಮೇಣದಂತೆ ಕರಗಿ ತೂತಾಗಿತ್ತು.

ಟ್ಯೂನರ್ ಫೋನಿನಲ್ಲೇ ಕಾರಣ ಹೇಳಿಬಿಟ್ಟ: ತಾನು ಮಾಡಿದ ವೈರಿಂಗನ್ನು ಗ್ಯಾರೇಜಿನ ಹುಡುಗಿ ಮುಟ್ಟಿದ್ದಾಳೆ.

ಗೌಡರು ರಸ್ತೆಯಲ್ಲಿ ನಿಂತು, ಅಕ್ಕಪಕ್ಕದ ಅಂಗಡಿಯವರೆಲ್ಲ ಕೇಳುವ ಹಾಗೆ ಅಂದರು: "ಏನ್ ಮೇಸ್ತ್ರಿ, ತಂಗಿ ಕೈಲಿ ವೈರ್ ಮುಟ್ಟಿಸ್ಬುಟ್ಟು ನನ್ನ ಇಂಜಿನ್ನೇ ಆಳ್ ಮಾಡ್ಬುಟ್ಯಲ್ಲ. ನಾನು ಸತ್ತೋಗಿದ್ರೆ ಯಾರಪ್ಪ ಒಣೆ?"

ನಾನು ಅಣ್ಣನ ಮುಖ ನೋಡಿದೆ. ಮುಟ್ಟಿಲ್ಲ ಸಾ, ನಾನು ಇಲ್ಲೇ ಇದ್ದೆ, ಎಂದು ಅವನು ಹೇಳಬೇಕಿತ್ತು. ಅವನು ನನ್ನ ಕಡೆ ತಿರುಗಿ, "ಮುಟ್ಟಿದ್ಯೇನೇ?" ಅಂದ.

ಆ ಒಂದು ಮಾತಿಗೆ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಎಸೆದು ಬಸ್ಸು ಹತ್ತಿದೆ. ಮೂರು ದಿನ ಗ್ಯಾರೇಜಿಗೆ ಹೋಗಲಿಲ್ಲ, ಅಣ್ಣನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಹೋದೆ, ರಾಜಿಗಲ್ಲ. ಆ ಕಾರಿನ ತಪ್ಪು ಕಂಡುಹಿಡಿಯದೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಹೊಸ ಪಿಸ್ಟನ್ ಕೂತ ಮೇಲೆ ಟ್ಯೂನರ್ ಮತ್ತೆ ಬಂದು ಗೌಡರ ಎದುರಿಗೇ ಲ್ಯಾಪ್‌ಟಾಪ್ ತೆರೆದ. ಸೆನ್ಸರ್ ಬದಲಾಯಿಸಿದ. ರೀಡಿಂಗ್ ಮೊದಲಿನಂತೆಯೇ. ಇನ್ನೊಂದು ಹಾಕಿದ. ಅದೂ ಹಾಗೇ. ನಾನು ಹಿಂದೆ ನಿಂತು ಪರದೆ ನೋಡುತ್ತಿದ್ದೆ. ಸೈಲೆನ್ಸರ್ ಸೆನ್ಸರ್ ಒಂದೇ ಅಲ್ಲ, ನೀರಿನ ಬಿಸಿಯ ಅಂಕಿಯೂ ಸುಮ್ಮಸುಮ್ಮನೆ ಏರಿ ಇಳಿಯುತ್ತಿತ್ತು. ರೇಡಿಯೇಟರ್ ಫ್ಯಾನ್ ಶುರುವಾದಾಗ ಏರುತ್ತಿತ್ತು, ನಿಂತಾಗ ಇಳಿಯುತ್ತಿತ್ತು. ಫ್ಯಾನ್ ತಿರುಗಿದರೆ ನೀರು ತಣ್ಣಗಾಗಬೇಕು. ಇದು ತಿರುಗುಮುರುಗು.

ಯಾರನ್ನೂ ಕೇಳದೆ ಕಾರಿನೊಳಗೆ ಕೈಹಾಕಿ ಹೆಡ್‌ಲೈಟ್ ಹಾಕಿದೆ. ನೀರಿನ ಬಿಸಿ ಆ ಕ್ಷಣಕ್ಕೆ ಆರು ಡಿಗ್ರಿ ಏರಿತು. ಆರಿಸಿದೆ, ಇಳಿಯಿತು.

"ಲೈಟ್ ಹಾಕಿದ್ರೆ ನೀರು ಕಾಯುತ್ತಾ ಸಾ?" ಎಂದು ಕೇಳಿದೆ.

ಮಲ್ಟಿಮೀಟರ್ ತಂದು ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಕಂಪ್ಯೂಟರಿನ ಅರ್ತಿಂಗ್ ತಂತಿಗೆ ಹಿಡಿದೆ. ಎರಡೂ ಒಂದೇ ಆಗಿದ್ದರೆ ಸೊನ್ನೆ ಬರಬೇಕು. ಲೈಟ್ ಹಾಕಿದಾಗ ಹೆಚ್ಚುಕಡಿಮೆ ಅರ್ಧ ವೋಲ್ಟ್ ತೋರಿಸಿತು. ಸೆನ್ಸರ್ ಕಳಿಸುತ್ತಿದ್ದ ವೋಲ್ಟೇಜಿನಲ್ಲಿ ಕಂಪ್ಯೂಟರ್ ಅಷ್ಟನ್ನು ಕಳೆದುಕೊಂಡು ಓದುತ್ತಿತ್ತು. ವೋಲ್ಟೇಜು ಕಡಿಮೆ ಬಂದರೆ ಪೆಟ್ರೋಲ್, ಬಿಸಿ ಎರಡೂ ಜಾಸ್ತಿ ಎಂದು ಅದರ ಲೆಕ್ಕ. ಹಾಗಾಗಿ ಸಾಲದ ಪೆಟ್ರೋಲು ಅದಕ್ಕೆ ಜಾಸ್ತಿಯಾಗಿ ಕಂಡಿತ್ತು. ಸೆನ್ಸರುಗಳಿಗೆ ಏನೂ ಆಗಿರಲಿಲ್ಲ.

ಆ ತಂತಿಯ ಜಾಡು ಹಿಡಿದು ಹೋದೆ. ಹೆಡ್‌ಲೈಟು, ಫ್ಯಾನಿನ ತಂತಿಗಳ ಜೊತೆ ಅದನ್ನೂ ಬಾಡಿಯ ತಗಡಿಗೆ ಒಂದೇ ಬೋಲ್ಟಿನಲ್ಲಿ ಬಿಗಿದಿದ್ದ. ಬಿಚ್ಚಿದರೆ ಕೆಳಗೆ ಕರೆಂಟ್ ತಡೆಯುವ ಪೇಂಟು ಹೊಳೆಯುತ್ತಿತ್ತು, ಒಂದು ಗೀರೂ ಇಲ್ಲ.

ಇಂಜಿನ್ ಇಳಿಸುವಾಗ ಸಡಿಲವಾಗಿರಬೇಕು ಎಂದ ಅವನು.

"ಸಡಿಲ ಆಗೋಕೆ ಮೊದ್ಲು ತಗಡಿಗೆ ತಾಗಿರ್ಬೇಕಲ್ಲ. ಇದು ಪೇಂಟ್ ಮೇಲೇ ಕೂತಿತ್ತು. ಕೂರಿಸಿದ್ದು ನೀವು," ಅಂದೆ.

ಅವನು ಲ್ಯಾಪ್‌ಟಾಪ್ ಮುಚ್ಚಿ ಫೋನ್ ಮಾಡಲು ಹೊರಗೆ ಹೋದ. ಗೌಡರು ಅಣ್ಣನ ಬೆನ್ನು ತಟ್ಟಿದರು. "ನಿನ್ ತಂಗಿ ಚುರುಕು ಕಣಯ್ಯ."

ರಸ್ತೆಯಲ್ಲಿ ನಿಂತು ಬೈದ ಹಾಗೆಯೇ ರಸ್ತೆಯಲ್ಲಿ ನಿಂತು ಹೇಳಿ, ನನಗೆ ಹೇಳಿ, ಅಂದೆ. ಅವರು ನಕ್ಕರು. ತಮಾಷೆ ಅಂದುಕೊಂಡರು.

ತಂತಿಯನ್ನು ಇಂಜಿನ್ನಿನ ಬ್ಲಾಕಿಗೆ, ಕಬ್ಬಿಣ ಉಜ್ಜಿ ನಾನೇ ಬಿಗಿದೆ. ಅಂಕಿಗಳು ನೆಟ್ಟಗೆ ನಿಂತವು, ಕಾರು ಚೆನ್ನಾಗಿ ಓಡಿತು. ಆಮೇಲೆ ಅದು ಯಾವ ರ‍್ಯಾಲಿಗೆ ಹೋಯಿತೋ ಕೇಳಲಿಲ್ಲ.

ವಾರದ ನಂತರ ಊಟಕ್ಕೆ ಕೂತಾಗ ಅಣ್ಣ ತಾನಾಗಿಯೇ ಮಾತು ತೆಗೆದ. ಆ ಮನುಷ್ಯ ಗ್ರಾಫು, ಇಂಗ್ಲಿಷು ಎಂದಾಗ ತನಗೂ ಹೌದೇನೋ ಅನ್ನಿಸಿತು, ಎಂದ. "ನಂಗೇನ್ ಗೊತ್ತಾಗ್ತದೆ ಕಣೇ ಅದೆಲ್ಲ."

"ನಂಗೊತ್ತಿತ್ತಲ್ಲ," ಅಂದೆ.

ಅವನು ತಲೆ ತಗ್ಗಿಸಿ ಉಂಡ. ಮುಂದಿನ ವರ್ಷ ಚನ್ನರಾಯಪಟ್ಟಣದಲ್ಲಿ ನನ್ನದೇ ವೈರಿಂಗ್ ಅಂಗಡಿ ಹಾಕಿದೆ. ಪೂಜೆಗೆ ಅಣ್ಣ ಬಂದಿದ್ದ. ಮಾತಾಡಿಸಿದೆ, ಊಟ ಹಾಕಿಸಿದೆ. ಸಿಟ್ಟು ಮಾತ್ರ ಹೋಗಿರಲಿಲ್ಲ.