ಡ್ವೇನ್ ಕುಚೇರಾ ಮಂಡಿಯೂರಿದ್ದು

ನಮ್ಮ ನೆಬ್ರಾಸ್ಕಾದ ಕಾಲೇಜಿನ, ಚೆಂಡನ್ನು ಕೈಯಲ್ಲಿ ಹಿಡಿದಾಡುವ ಅಮೆರಿಕನ್ ಫುಟ್‌ಬಾಲ್ ತಂಡ ಆ ವರ್ಷ ಹತ್ತು ಪಂದ್ಯ ಸೋತಿತ್ತು. ಹನ್ನೊಂದನೆಯ, ಕೊನೆಯ ಪಂದ್ಯದಲ್ಲಿ ನಲವತ್ತು ಸೆಕೆಂಡು ಉಳಿದಾಗ ಎರಡೇ ಅಂಕ ಮುಂದಿದ್ದೆವು. ಚೆಂಡೆಸೆಯುವ ಮಹಾರಥಿ, ಕ್ವಾರ್ಟರ್‌ಬ್ಯಾಕ್ ಡ್ವೇನ್ ಕುಚೇರಾ ಇನ್ನೊಂಬತ್ತು ಗಜ ಎಸೆದರೆ ಕಾಲೇಜಿನ ದಾಖಲೆ ಅವನದು. ಎಸೆದದ್ದನ್ನು ಎದುರಾಳಿ ಕಿತ್ತುಕೊಂಡರೆ ಸೋಲು; ಚೆಂಡು ಹಿಡಿದು ಮಂಡಿಯೂರಿದರೆ ಹೊತ್ತು ಕಳೆದು ಗೆಲುವು.

"ಎಸಿಯೋ ಡ್ವೇನಾ!" ಎಂದು ಗ್ಯಾಲರಿಯಲ್ಲಿ ನನ್ನ ಪಕ್ಕ ಕೂತಿದ್ದ ಹಂದಿಸಾಕಣೆಯ ಮರ್ವಿನ್ ನನ್ನ ತೋಳಿಗೆ ಹಾಟ್‌ಡಾಗಿನ ಸಾಸಿವೆ ಉಗುಳಿದ.

ಡ್ವೇನ್ ಮಂಡಿಯೂರಿದ. ಗೆದ್ದೆವು. ಗೆಲ್ಲಿಸಿದವನಿಗೇ ಇಡೀ ಊರು ಥೂ ಎಂದಿತು!

"ಹೇಡಿ ನನ್ಮಗ!" ಎಂದ ಮರ್ವಿನ್.

"ಗೆದ್ವಲ್ಲೋ!" ಎಂದೆ.

"ಗೆಲುವು ಯಾರಿಗೆ ಬೇಕಿತ್ತೋ? ನಮಗೆ ಅಭ್ಯಾಸಾನೇ ಇಲ್ಲ."

ಕೆಳಗೆ, ವರ್ಷವಿಡೀ ಒದೆ ತಿಂದ ದಡಿಯ ಜೊತೆಗಾರರು ಡ್ವೇನನನ್ನು ಅಪ್ಪಿ ಗೊಳೋ ಎಂದು ಅಳುತ್ತಿದ್ದರು. ಆ ಗದ್ದಲದಲ್ಲಿ ಅವನಿಗೆ ನಮ್ಮ ಬೈಗುಳ ಕೇಳಿಸಲೇ ಇಲ್ಲ.