ಬಾಯಿಬಿಟ್ಟು ಹೇಳಲಾಗದ ಪಾಸ್‌ವರ್ಡ್

ನಾನು ಮದುವೆಯಾಗಿ ಕೊಟ್ಟೂರಿಗೆ ಬಂದಾಗ ಇಡೀ ಊರಿಗೆ ಒಂದೇ ಪಾಸ್‌ವರ್ಡ್ ಇತ್ತು. ಊರ ದೇವರ ಹೆಸರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಸೆಂಟರ್ ಶುರುವಾಗಿತ್ತು. ರಿಸಲ್ಟ್ ನೋಡುವವರು, ಅರ್ಜಿ ಹಾಕುವವರು ಅಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದರು. ಇಮೇಲ್ ಮಾಡಿಸಿಕೊಳ್ಳಲು ಬಂದವರನ್ನು ಅಂಗಡಿಯವನು "ಪಾಸ್‌ವರ್ಡ್ ಏನಿಡ್ಲಿ?" ಎಂದು ಕೇಳಿದರೆ ಅವರು ಒಂದು ಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದರು, ಆ ಹೆಸರನ್ನೇ ಹೇಳುತ್ತಿದ್ದರು. ಮರೆಯುವ ಭಯವಿಲ್ಲ, ಮೇಲೆ ಪುಣ್ಯ ಬೇರೆ. ಹೀಗಾಗಿ ಯಾರು ಬೇಕಾದರೂ ಯಾರ ಇಮೇಲನ್ನಾದರೂ ತೆಗೆದು ಓದಬಹುದಿತ್ತು. ಓದುತ್ತಲೂ ಇದ್ದರು.

"ಏನ್ರಿ ಇದು, ಊರ ಮಂದಿಗೆಲ್ಲ ಒಂದ ಕೀಲಿಕೈ! ಬ್ಯಾರೆ ಏನಾರ ಇಡ್ರಿ" ಎಂದು ಅಂಗಡಿಯವನು ರೇಗುತ್ತಿದ್ದ. ಹಡಗಲಿ ಕಡೆಯ ನನ್ನ ತವರಿನವರೇನೂ ಕಡಿಮೆಯಲ್ಲ. ಮಲ್ಲಿಗೆ ಹೂವಿಗೆ ಹೆಸರಾದ ಸೀಮೆ ಅದು; ಅಲ್ಲಿ ಮಲ್ಲಿಗೆ ಎಂದು ಒತ್ತಿದರೆ ಸಾಕು, ನನಗೆ ಗೊತ್ತಿದ್ದ ಅರ್ಧ ಜನರ ಇಮೇಲ್ ಬಾಗಿಲು ತೆರೆಯುತ್ತಿತ್ತು.

ನಾನು ಮಾತ್ರ ಮಹಾ ಜಾಣೆ ಎಂದುಕೊಂಡಿದ್ದೆ. ಡಿ.ಎಡ್ ಓದಿದವಳು, ದೇವರ ಹೆಸರಿಟ್ಟು ಮೋಸ ಹೋಗುವವಳಲ್ಲ. ಹಾಗಾಗಿ ಗಂಡನ ಹೆಸರಿಟ್ಟೆ.

ಇದರಲ್ಲಿ ಜಾಣತನ ಎಲ್ಲಿ ಬಂತು ಎಂದು ಈಗಿನವರು ಕೇಳಬಹುದು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಮಾತಾಡುವುದಿಲ್ಲ. ಮದುವೆಯ ದಿನ ಎಲ್ಲರೂ ಸುತ್ತ ನಿಂತು ಕಾಡಿದಾಗ ಪ್ರಾಸದ ಸಾಲಿನಲ್ಲಿ ಹೆಸರು ಸೇರಿಸಿ ಒಡಪು ಕಟ್ಟಿ ಒಮ್ಮೆ ಹೇಳಿದರೆ ಮುಗಿಯಿತು. ಆಮೇಲೆ ಬರೀ "ಅವರು", "ಇವರು", "ಕೇಳ್ರಿಲ್ಲಿ". ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ನಮ್ಮ ಮನೆಯಲ್ಲಿ ಇನ್ನೂ ಒಂದು ತೊಡಕಿತ್ತು. ನನ್ನ ಗಂಡನಿಗೆ ಇಟ್ಟಿದ್ದು ಅವರ ಅಜ್ಜನ ಹೆಸರು. ಆ ಅಜ್ಜ ಎಂದರೆ ನಮ್ಮತ್ತೆಯ ಮಾವ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡುವುದುಂಟೇ? ಹೆತ್ತ ಮಗನನ್ನೇ ಅತ್ತೆ ತೊಟ್ಟಿಲಿನಿಂದ ಹಿಡಿದು ಅವತ್ತಿನವರೆಗೂ "ತಮ್ಮಾ" ಎಂದೇ ಕರೆಯುತ್ತಿದ್ದರು. ಮಾವ ತೀರಿಹೋಗಿದ್ದರು. ಉಳಿದ ನಾವಿಬ್ಬರು ಹೆಂಗಸರೂ ಆ ಹೆಸರನ್ನು ನಾಲಿಗೆಗೆ ತಂದವರಲ್ಲ. ಆದರೆ ಬೆರಳಿನಿಂದ ಒತ್ತಿದರೆ ದೋಷ ಬರುತ್ತದೆ ಎಂದು ಯಾವ ಹಿರಿಯರೂ ಹೇಳಿರಲಿಲ್ಲವಲ್ಲ! ಸೈಬರಿನಲ್ಲಿ ಕೂತು ಅದನ್ನು ಒತ್ತುವಾಗ ಕದ್ದು ಬೆಲ್ಲ ತಿಂದಷ್ಟು ಖುಷಿಯಾಗುತ್ತಿತ್ತು.

ಆಗ ನನಗೆ ಒಂದೇ ಹುಚ್ಚು, ಮೇಷ್ಟ್ರಗಿತ್ತಿ ಆಗಬೇಕು. ಗಂಡ ಬೋರ್‌ವೆಲ್ ಮೋಟರ್ ರಿಪೇರಿ ಮಾಡುತ್ತಿದ್ದರು. ತಂಬ್ರಹಳ್ಳಿ, ಹಂಪಸಾಗರದ ಕಡೆ ಹೊಲ ಹೊಲ ತಿರುಗಿ ಸಂಜೆಗೆ ಮನೆ ಸೇರುತ್ತಿದ್ದರು. ಮನೆಯಲ್ಲಿ ನಾನು, ಅತ್ತೆ, ಗೋಡೆ. ಕಸ ಹೊಡೆ, ನೀರು ತುಂಬು, ರೊಟ್ಟಿ ಬಡಿ, ಮತ್ತೆ ಕಸ ಹೊಡೆ. ನನ್ನ ತಲೆ ಕೆಟ್ಟು ಕೆರ ಹಿಡಿದಿತ್ತು. ಕೂತಲ್ಲಿ ಕೂರಲಾಗದೆ ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ಸುತ್ತುತ್ತಿದ್ದೆ. "ಕಾಲಿಗೆ ಏನು ಕಟಿಗೊಂಡಿಯವ್ವಾ, ಒಂದ್ಕಡಿ ಕೂಡು" ಎನ್ನುತ್ತಿದ್ದರು ಅತ್ತೆ. ಕೆಲಸದ ಮಾತೆತ್ತಿದರೆ, "ನಾನೇನು ಬ್ಯಾಡ ಅಂದೀನೇನು? ಸಿಕ್ಕರ ತಾನ ಮಾತು" ಎಂದು ಎದ್ದು ಹೋಗುತ್ತಿದ್ದರು. ಅವರು ನನ್ನ ಕಡೆಗಿದ್ದಾರೋ ಇಲ್ಲವೋ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ಹರಪನಹಳ್ಳಿಯಲ್ಲಿ ಹೊಸದೊಂದು ಶಾಲೆ ಶುರುವಾಯಿತು. ನಾನು ಅರ್ಜಿ ಹಾಕಿದೆ. ಕಾಗದ ಕಳಿಸುವುದು ಹಳೇ ಕಾಲದ ಪದ್ಧತಿ, ನಾವು ಏನಿದ್ದರೂ ಇಮೇಲ್ ಮಾಡುತ್ತೇವೆ ಎಂದು ಅವರಿಗೆ ಜಂಬ. ಒಂದು ಬೆಳಿಗ್ಗೆ ನನ್ನ ಜೊತೆ ಓದಿದ ಹರಪನಹಳ್ಳಿಯ ಗೆಳತಿ ಫೋನ್ ಮಾಡಿದಳು. "ನಂಗೆ ಇಂಟರ್‌ವ್ಯೂ ಬಂತು ಕಣೆ, ನಾಳೆನೇ ಐತೆ. ನಿಂಗೆ ಬಂತಾ? ಇಮೇಲ್ ಪ್ರಿಂಟ್ ಇಲ್ದಿದ್ರೆ ಗೇಟಿನಾಗೆ ಬಿಡಲ್ಲ ಅಂತೆ."

ನನ್ನ ಕೈಯಲ್ಲಿದ್ದ ಚೊಂಬು ಎಲ್ಲಿಟ್ಟೆನೋ ಗೊತ್ತಿಲ್ಲ. ಸೀರೆ ಬದಲಿಸದೆ ಸೈಬರಿಗೆ ಓಡಿದೆ. ಅಂಗಡಿಯವನು ಬಾಗಿಲಲ್ಲಿ ಕೂತು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ. "ಟಿ.ಸಿ ಸುಟ್ಟೈತ್ರಿ ಅಕ್ಕಾರ. ಇವತ್ತು ಕರೆಂಟ್ ಬರಂಗಿಲ್ಲ." ಸುಡುವುದಕ್ಕೆ ಆ ಟ್ರಾನ್ಸ್‌ಫಾರ್ಮರಿಗೆ ಬೇರೆ ದಿನವೇ ಸಿಗಲಿಲ್ಲ! ಅಲ್ಲಿಂದಲೇ ಕೂಡ್ಲಿಗಿ ಬಸ್ ಹತ್ತಿದೆ. ಆ ಬಸ್ಸೋ, ಕೈ ತೋರಿಸಿದವರಿಗೆಲ್ಲ ನಿಂತು, ನಿಂತವರ ಜೊತೆ ಡ್ರೈವರ್ ಯೋಗಕ್ಷೇಮ ಮಾತಾಡಿ, ಕುರಿ ಮೇಯಿಸಿಕೊಂಡು ಹೋದ ಹಾಗೆ ಹೋಯಿತು. ಸೀಟಿನ ತುದಿಯಲ್ಲಿ ಕೂತು ನಾನು ಮುಂದಿನ ಕಂಬಿಯನ್ನು ತಳ್ಳುತ್ತಿದ್ದೆ, ಅದರಿಂದ ಬಸ್ ಮುಂದೆ ಹೋಗುತ್ತದೆ ಎನ್ನುವ ಹಾಗೆ. ಕೂಡ್ಲಿಗಿಯ ಸೈಬರಿನಲ್ಲಿ ಕರೆಂಟಿತ್ತು, ಲೈನ್ ಇರಲಿಲ್ಲ. ರಸ್ತೆ ಅಗೆಯುವಾಗ ಕೇಬಲ್ ಕತ್ತರಿಸಿದ್ದರಂತೆ. ನನಗೆ ಅಲ್ಲೇ ಅಳು ಬಂತು. ಅತ್ತುಕೊಂಡು ನಿಲ್ಲುವುದಕ್ಕೂ ಪುರುಸೊತ್ತಿರಲಿಲ್ಲ, ತಿರುಗಿ ಬಸ್ ಹತ್ತಿದೆ.

ಮನೆಗೆ ಬಂದಾಗ ಸುಡು ಮಧ್ಯಾಹ್ನ. ಅತ್ತೆ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಶೇಂಗಾ ಒಡೆಯುತ್ತಿದ್ದರು. ನಾನು ಡಿ.ಎಡ್ ಓದಿದ್ದು ಹಗರಿಬೊಮ್ಮನಹಳ್ಳಿಯಲ್ಲಿ. ಅಲ್ಲಿ ಕಾಲೇಜಿನ ಎದುರಿದ್ದ ಸೈಬರಿನವನ ನಂಬರ್ ಹಳೇ ಪುಸ್ತಕದ ಹಿಂದೆ ಸಿಕ್ಕಿತು. ನಮ್ಮ ಲ್ಯಾಂಡ್‌ಲೈನಿನಿಂದ ಹಚ್ಚಿದೆ. ಎಂಗೇಜ್. ಮತ್ತೆ ಹಚ್ಚಿದೆ. ಕೊನೆಗೊಮ್ಮೆ ಕರಕರ ಸದ್ದಿನ ನಡುವೆ ಅವನು ಸಿಕ್ಕ. ಅಲ್ಲಿ ಕರೆಂಟೂ ಇತ್ತು, ಲೈನೂ ಇತ್ತು!

"ನೀವು ಬರೋದು ಬ್ಯಾಡ್ರಿ ಅಕ್ಕಾರ" ಎಂದ ಆತ. "ನಾನು ಊರಿಗೆ ಹೊಂಟೀನಿ, ನೀವು ಬರೋದ್ರಾಗ ಅಂಗಡಿ ಬಂದ್ ಮಾಡಿರ್ತೀನಿ. ಈಗ ನಿಮ್ಮ ಐಡಿ, ಪಾಸ್‌ವರ್ಡ್ ಹೇಳ್ರಿ. ಪ್ರಿಂಟ್ ತಗದು ಕೊಟ್ಟೂರು ಬಸ್ಸಿನ ಡ್ರೈವರ್ ಕೈಯಾಗ ಕೊಟ್ಟು ಕಳಿಸ್ತೀನಿ."

ನಮ್ಮ ಕಡೆ ಔಷಧಿ, ಹೂವು, ಲಗ್ನಪತ್ರಿಕೆ ಎಲ್ಲವೂ ಹೀಗೆ ಡ್ರೈವರ್ ಕೈಯಲ್ಲೇ ಊರಿಂದೂರಿಗೆ ಹೋಗುತ್ತಿದ್ದವು. ದೇವರು ದೊಡ್ಡವನು ಎಂದುಕೊಂಡೆ. ಐಡಿ ಹೇಳಿದೆ. ಬರೆದುಕೊಂಡ.

"ಹೂಂ, ಪಾಸ್‌ವರ್ಡ್?"

ಬಾಯಿ ತೆರೆದೆ. ಅಲ್ಲಿಗೇ ನಿಂತಿತು. ನಾಲ್ಕು ಮಾರು ದೂರದಲ್ಲಿ ಅತ್ತೆ ಕೂತಿದ್ದಾರೆ. ಅವರ ಎದುರಿಗೆ ಅವರ ಮಗನ ಹೆಸರು, ಅವರ ಮಾವನ ಹೆಸರು, ಯಾರೋ ಪರ ಗಂಡಸಿಗೆ ಕೂಗಿ ಹೇಳಬೇಕು!

"ಅದು... ಅವರ ಹೆಸರು" ಎಂದೆ.

"ಯಾರದ್ರಿ?"

"ನಮ್ಮನಿಯವರದು."

"ಅದು ಸರಿರಿ, ಏನು ಅವರ ಹೆಸರು?"

ಇಂಗ್ಲಿಷ್ ಅಕ್ಷರ ಒಂದೊಂದೇ ಬಿಡಿಸಿ ಹೇಳಿದರೆ ಹೆಸರು ಹೇಳಿದ ಹಾಗಾಗುವುದಿಲ್ಲ ಎಂದು ಹೊಳೆಯಿತು. ಹೇಳಿದೆ. ಆ ಕರಕರದಲ್ಲಿ ಅವನಿಗೆ ಏನು ಕೇಳಿಸಿತೋ, ತಪ್ಪಾಯಿತು. ಮತ್ತೆ ಹೇಳಿದೆ, ಮತ್ತೆ ತಪ್ಪು. "ಅಕ್ಕಾರ, ಇನ್ನೊಂದ್ಸಲ ತಪ್ಪಿದ್ರ ಇವತ್ತಿಗೆ ಲಾಕ್ ಆಗ್ತೈತಿ ನೋಡ್ರಿ. ಸುಮ್ನ ಹೆಸರು ಹೇಳಿಬಿಡ್ರಿ, ನಾನ ಹೊಡ್ಕಂತೀನಿ. ನನಗೂ ಹೊತ್ತಾಗ್ತೈತಿ."

ಗಂಡನ ಮೊಬೈಲಿಗೆ ಆ ಹೊಲಗಳಲ್ಲಿ ಸಿಗ್ನಲ್ ಸಿಗುವುದಿಲ್ಲ. ಪಕ್ಕದ ಮನೆಗೆ ಬೀಗ ಬಿದ್ದಿದೆ, ಓಣಿಯ ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದಾರೆ. ಯಾರನ್ನಾದರೂ ಹುಡುಕಿ ತರೋಣವೆಂದರೆ ಫೋನಿಟ್ಟ ಮೇಲೆ ಈ ಲೈನ್ ಮತ್ತೆ ಸಿಗುವ ಭರವಸೆ ಇಲ್ಲ. ಹೇಳೇ, ಹೇಳಿಬಿಡೇ ಎಂದು ನನಗೆ ನಾನೇ ಬೈದುಕೊಂಡೆ. ಮಕ್ಕಳಿಗೆ ಮೂಢನಂಬಿಕೆಯ ಪಾಠ ಹೇಗೆ ಮಾಡಬೇಕೆಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ಆದರೆ ಆ ಹೊತ್ತಿಗೆ ಅವರು ಯಾವುದೋ ಹೊಲದಲ್ಲಿ ಬೋರಿನಿಂದ ಮೋಟರ್ ಎತ್ತುತ್ತಿರುತ್ತಾರೆ. ಕರೆಂಟಿನ ಜೊತೆಗಿನ ಕೆಲಸ. ಇಲ್ಲಿ ನಾನು ಹೆಸರು ಹೇಳಿ ಅಲ್ಲಿ ಏನಾದರೂ ಆದರೆ? ಇದನ್ನೆಲ್ಲ ನಂಬುವುದಿಲ್ಲ ಎನ್ನುವುದು ಸುಲಭ. ಅವತ್ತು ನನ್ನ ನಾಲಿಗೆ ಏಳಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು.

ಶೇಂಗಾ ಒಡೆಯುವ ಸದ್ದು ನಿಂತಿತು.

"ಏನಂತ ಹೇಳಬೇಕು ಅವನಿಗೆ?" ಅತ್ತೆ ಕೇಳಿದರು.

"ಕಂಪ್ಯೂಟರ್ ತೆಗೆಯೋ ಗುಟ್ಟಿನ ಮಾತು, ಅತ್ತಿ. ಅದನ್ನ ಹೇಳಿದ್ರ ಕಾಗದ ಸಿಗ್ತೈತಿ."

"ಮತ್ತ ಹೇಳು."

"ಅದು... ನಿಮ್ಮ ಮಗನ ಹೆಸರು ಐತ್ರಿ."

ಅತ್ತೆ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. "ಅಯ್ಯ ನಿನ್ನ! ಜಗತ್ತಿನಾಗ ಬ್ಯಾರೆ ಹೆಸರ ಸಿಗಲಿಲ್ಲೇನು ನಿನಗ?"

"ಅಕ್ಕಾರ, ಇಡ್ಲೇನ್ರಿ ಫೋನು?" ಆ ಕಡೆಯಿಂದ ಅವನು.

"ಹೇಳದಿದ್ರ ಏನಾಗ್ತೈತಿ?" ಅತ್ತೆ ಕೇಳಿದರು.

"ಕೆಲಸ ಹೋಗ್ತೈತ್ರಿ" ಎಂದೆ. ಎಂದವಳೇ ಅತ್ತುಬಿಟ್ಟೆ. ಅತ್ತೆಯ ಮುಂದೆ ನಾನು ಅತ್ತದ್ದು ಅದೇ ಮೊದಲು.

ಅತ್ತೆ ಎದ್ದರು. ಮಡಿಲಲ್ಲಿದ್ದ ಸಿಪ್ಪೆ ಕೊಡವಿದರು. ಹಿರಿಯರು ಮನೆಗೆ ಬಂದಾಗ ಮಾಡುವ ಹಾಗೆ ತಲೆ ತುಂಬ ಸೆರಗು ಹೊದ್ದರು. ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡರು. ಅದನ್ನು ತಲೆಕೆಳಗಾಗಿ ಹಿಡಿದಿದ್ದರು, ನಾನು ಸರಿ ಮಾಡಿದೆ. ಗೋಡೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ಆ ಹೆಸರು ಹೇಳಿದರು.

"ಕೇಳಲಿಲ್ರಿ, ಜೋರಾಗಿ ಹೇಳ್ರಿ!"

ಅತ್ತೆಗೆ ಸಿಟ್ಟು ಬಂತು. ಓಣಿಗೆಲ್ಲ ಕೇಳುವ ಹಾಗೆ ಕೂಗಿದರು. ಮಾವನ ಹೆಸರನ್ನು, ಮಗನ ಹೆಸರನ್ನು, ಜೀವಮಾನದಲ್ಲಿ ಮೊದಲ ಸಲ. "ಕೇಳ್ತೇನು ಈಗ? ಕಿವಿಯಾಗ ಏನಿಟಗೊಂಡಿ?" ಎಂದು ಅವನಿಗೆ ಎರಡು ಬೈದು ರಿಸೀವರ್ ನನ್ನ ಕೈಗೆ ತುರುಕಿದರು. ಸೀದಾ ದೇವರ ಜಗಲಿಯ ಮುಂದೆ ಹೋಗಿ ಗಲ್ಲ ಗಲ್ಲ ಬಡಿದುಕೊಂಡರು.

"ತೆಗೀತ್ರಿ ಅಕ್ಕಾರ" ಎಂದ ಅವನು. "ಹರಪನಹಳ್ಳಿಯಿಂದ ಬಂದೈತಿ. ನಾಳೆ ಬೆಳಿಗ್ಗೆ ಇಂಟರ್‌ವ್ಯೂ."

ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ಡ್ರೈವರ್ ಕೈಯಿಂದ ಮಡಚಿದ ಹಾಳೆ ಇಸಿದುಕೊಂಡೆ. ಮನೆಗೆ ಬಂದಾಗ ಗಂಡ ಕೈಕಾಲು ತೊಳೆಯುತ್ತಿದ್ದರು. ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ, ನೆಟ್ಟಗೇ ಇದ್ದರು. ನಡೆದದ್ದನ್ನು ಹೇಳಿದರೆ ಅವರಿಗೆ ನನ್ನ ಇಂಟರ್‌ವ್ಯೂ ಬೇಡವಾಯಿತು, ಬೇರೆಯದೇ ಬೇಕಾಯಿತು.

"ಅವ್ವ ನನ್ನ ಹೆಸರು ಹೇಳಿದ್ಲಾ? ಹೆಂಗ ಹೇಳಿದ್ಲು? ಯವ್ವಾ, ನನ್ನ ಮುಂದ ಒಂದ್ಸಲ ಹೇಳವ್ವಾ!"

"ಹೋಗಲೇ ತಮ್ಮಾ, ನನಗ ಬ್ಯಾರೆ ಕೆಲಸ ಇಲ್ಲೇನು?" ಎಂದರು ಅತ್ತೆ. ಅವರು ನಗುತ್ತಿದ್ದರು. ಮಗ ತುಸು ಹೊತ್ತು ಅಲ್ಲೇ ಸುಳಿದಾಡಿ, ಆಸೆ ಬಿಟ್ಟು ಊಟಕ್ಕೆ ಕೂತರು.

ನಾನು ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದೆ, ಅತ್ತೆ ಬಡಿಯುತ್ತಿದ್ದರು.

"ನಾಳಿಗೆ ಮೊದಲು ಆ ಹೆಸರು ತಗದು ಬ್ಯಾರೆ ಇಡು" ಎಂದರು. "ದಿನಾ ಹಿಂಗ ಕೂಗಕ್ಕ ನನ್ನ ಕೈಲಿ ಆಗಂಗಿಲ್ಲ."

"ಏನಿಡ್ಲಿ ಅತ್ತಿ? ಮಂದಿಗೆ ಗೊತ್ತಾಗಬಾರದು, ನನಗ ಮರೀಬಾರದು. ಅಂಥದ್ದು ಬೇಕು."

ಅತ್ತೆ ಹಿಟ್ಟು ಉದುರಿಸಿ ರೊಟ್ಟಿ ತಿರುಗಿಸಿದರು.

"ನಂದ ಇಡು."

"ಏನ್ರಿ?"

"ನನ್ನ ಹೆಸರು ಇಡು. ಯಾರಿಗೆ ಗೊತ್ತಾಗ್ತೈತಿ? ನಮ್ಮವ್ವ ಹೋದ ಮ್ಯಾಲೆ ಆ ಹೆಸರಿಲೆ ನನ್ನ ಯಾರೂ ಕರದಿಲ್ಲ."

ಅದರಲ್ಲಿ ದೂರು ಇರಲಿಲ್ಲ. ಉಪ್ಪು ಎಲ್ಲಿದೆ ಎಂದು ಹೇಳುವ ದನಿಯಲ್ಲೇ ಹೇಳಿದರು. ನಾನು ರೇಷನ್ ಕಾರ್ಡಿನಲ್ಲಿ ಆ ಹೆಸರು ಓದಿದ್ದೆ, ಆದರೆ ಯಾರ ಬಾಯಿಂದಲೂ ಕೇಳಿರಲಿಲ್ಲ. ಮಗನಿಗೆ ಅವ್ವ, ನನಗೆ ಅತ್ತಿ, ಓಣಿಗೆ ದೊಡ್ಡವ್ವ. ನಮ್ಮನೆಯವರು ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದರು. ನನ್ನ ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು. "ಹೊಳ್ಳಿ ಹಾಕವ್ವಾ, ಎತ್ತ ನೋಡ್ತಿ?" ಎಂದು ಅತ್ತೆ ಗದರಿದರು.

ಮರುದಿನ ಹರಪನಹಳ್ಳಿಯ ಇಂಟರ್‌ವ್ಯೂನಲ್ಲಿ ಏನು ಕೇಳಿದರು, ಏನು ಹೇಳಿದೆ, ನೆನಪಿಲ್ಲ. ಮುಂದಿನ ವಾರದಿಂದ ಬನ್ನಿ ಎಂದರು, ಅಷ್ಟು ಗೊತ್ತು. ಹೊರಗೆ ಬಂದವಳು ಎದುರಿಗೆ ಕಂಡ ಸೈಬರಿಗೆ ನುಗ್ಗಿದೆ. ಹಳೆಯದನ್ನು ಅಳಿಸಿ ಅತ್ತೆಯ ಹೆಸರು ಒತ್ತಿದೆ. ಪರದೆಯ ಮೇಲೆ ಬರೀ ಚುಕ್ಕಿಗಳು ಬಂದವು. ಖಾತ್ರಿಗೆ ಇನ್ನೊಮ್ಮೆ ಬರೆಯಿರಿ ಎಂದು ಕೆಳಗೆ ಇನ್ನೊಂದು ಖಾನೆ ಕೇಳಿತು. ಈ ಸಲ ಆ ಹೆಸರನ್ನು ಬಾಯಿಬಿಟ್ಟು ಹೇಳುತ್ತಾ ಬರೆದೆ.