ಕಣ್ಣಿಗೆ ಬೇಕಿದ್ದ ಮೂರು ತಿಂಗಳು

ನನ್ನ ಮಕ್ಕಳು ಅವಳಿ. ಇಬ್ಬರೂ ಹೆಣ್ಣುಮಕ್ಕಳು, ಏಳನೇ ತಿಂಗಳಲ್ಲೇ ಹುಟ್ಟಿದವರು. ಆಗ ನಾನು ನಮ್ಮೂರಿನ ಹೆಬ್ಬಾಳದ (ಬೆಂಗಳೂರಿನದಲ್ಲ) ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದೆ. ಮನೆ ಹಿನಕಲ್‌ನಲ್ಲಿ. ಆವತ್ತು ಬೆಳಗ್ಗೆ ಮುಖ, ಕೈಕಾಲು ಊದಿಕೊಂಡಿದ್ದವು. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡು ಬಸ್ ಹತ್ತಿದೆ. ಊಟದ ಹೊತ್ತಿಗೆ ತಲೆ ಸಿಡಿಯತೊಡಗಿತು. ಸೂಜಿಯ ಕೆಳಗಿನ ಬಟ್ಟೆ ಎರಡೆರಡಾಗಿ ಕಾಣಿಸಿತು. ಸೂಪರ್‌ವೈಸರ್ ಹೆಂಗಸು ತಾನೇ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದಳು. ಬಿ.ಪಿ. ವಿಪರೀತ ಏರಿದೆ, ಇನ್ನು ಕಾದರೆ ತಾಯಿಯೂ ಉಳಿಯುವುದಿಲ್ಲ, ಮಕ್ಕಳೂ ಉಳಿಯುವುದಿಲ್ಲ ಎಂದು ಡಾಕ್ಟರು ಸಂಜೆಯೇ ಆಪರೇಷನ್ ಮಾಡಿದರು.

ಮೂರನೇ ದಿನ ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮಕ್ಕಳ ವಾರ್ಡಿಗೆ ತಳ್ಳಿಕೊಂಡು ಹೋದರು. ಗಾಜಿನ ಪೆಟ್ಟಿಗೆಗಳೊಳಗೆ ಅಕ್ಕಪಕ್ಕ ಮಲಗಿದ್ದರು. ದೊಡ್ಡವಳು ಒಂಬೈನೂರು ಗ್ರಾಂ. ಎರಡು ನಿಮಿಷದ ನಂತರ ಹುಟ್ಟಿದ ಚಿಕ್ಕವಳು ಅದಕ್ಕಿಂತ ಇನ್ನೂರು ಗ್ರಾಂ ಹೆಚ್ಚು. ಚರ್ಮದ ಕೆಳಗೆ ನರಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು. ಇವರು ನನ್ನ ಹೊಟ್ಟೆಯೊಳಗಿದ್ದವರು ಎಂದು ನಂಬಲು ನನಗೆ ಬಹಳ ಹೊತ್ತು ಹಿಡಿಯಿತು.

ಅಷ್ಟು ಬೇಗ ಹುಟ್ಟಿದ ಮಕ್ಕಳು ಮಧ್ಯೆ ಮಧ್ಯೆ ಉಸಿರಾಡುವುದನ್ನೇ ಮರೆಯುತ್ತವಂತೆ. ಚಿಕ್ಕವಳು ವಾರದೊಳಗೆ ಮರೆಯುವುದನ್ನು ಬಿಟ್ಟಳು. ದೊಡ್ಡವಳು ಬಿಡಲಿಲ್ಲ. ಯಂತ್ರ ಕೂಗಿಕೊಂಡಾಗಲೆಲ್ಲ ನರ್ಸ್ ಓಡಿಬಂದು ಅಂಗಾಲನ್ನು ಬೆರಳಿನಿಂದ ತಟ್ಟುತ್ತಿದ್ದಳು. ಒಂದು ಮಧ್ಯಾಹ್ನ ನಾನು ನೋಡುತ್ತಿರುವಾಗಲೇ ಅವಳ ತುಟಿ ನೀಲಿಯಾಯಿತು.

"ಸಿಸ್ಟರ್, ಆಕ್ಸಿಜನ್ನು ಇನ್ನೊಸಿ ಜಾಸ್ತಿ ಬುಡಿ," ಎಂದು ಕೂಗಿದೆ.

"ಸುಮ್ನೆ ಜಾಸ್ತಿ ಬಿಡೋಕೆ ಆಗಲ್ಲ ಕಣಮ್ಮ. ಕಣ್ಣಿಗೆ ತೊಂದ್ರೆ. ಎಷ್ಟು ಬೇಕೋ ಅಷ್ಟೇ ಕೊಡ್ಬೇಕು," ಎಂದಳು ನರ್ಸ್, ಅಂಗಾಲು ತಟ್ಟುತ್ತಲೇ.

"ಮಗು ಉಸಿರಿಗೆ ಒದ್ದಾಡ್ತಾ ಐತೆ, ನೀವು ಕಣ್ಣಿನ ಮಾತಾಡ್ತೀರಲ್ಲ! ನಿಮ್ಮ ಮಗುವಾಗಿದ್ರೆ ಹಿಂಗೇ ಅಂತಿದ್ರಾ?"

ಅವಳು ತಟ್ಟುತ್ತಲೇ ಇದ್ದಳು. ಮಗುವಿನ ತುಟಿಗೆ ಬಣ್ಣ ಬರುವವರೆಗೂ ಅಲ್ಲಿಂದ ಕದಲಲಿಲ್ಲ. ನಾನು ಮಾತ್ರ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ.

ಎರಡನೇ ವಾರ ದೊಡ್ಡವಳ ರಕ್ತದಲ್ಲಿ ಸೋಂಕು ಕಾಣಿಸಿಕೊಂಡಿತು. ಏರಿದ್ದ ಒಂದಿಷ್ಟು ತೂಕವೂ ಇಳಿಯಿತು. ರಕ್ತ ಹಾಕಬೇಕು ಎಂದರು. ನನ್ನ ಗಂಡ ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಸಮವಸ್ತ್ರದಲ್ಲೇ ಬಂದು ಬ್ಲಡ್ ಬ್ಯಾಂಕಿನಲ್ಲಿ ರಕ್ತ ಕೊಟ್ಟರು. ಮಗುವಿಗೆ ಹೋದದ್ದು ಅವರದ್ದೋ ಬೇರೆಯವರದ್ದೋ ನಮಗೆ ಯಾರೂ ಹೇಳಲಿಲ್ಲ. ಅವರಂತೂ ತಮ್ಮದೇ ಎಂದು ನಂಬಿದ್ದರು. ಮಾರನೆಯ ದಿನ ಅವಳ ಕೆನ್ನೆ ಕೆಂಪಾದದ್ದನ್ನು ಗಾಜಿನಾಚೆಯಿಂದ ನೋಡಿ, "ನನ್ ರಕ್ತ ಒಪ್ತು ಕಣೇ ನನ್ ಮಗಳಿಗೆ," ಎಂದರು. ಹೆರಿಗೆಯಾದ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

ನಾಲ್ಕನೇ ವಾರ ಕಣ್ಣಿನ ಡಾಕ್ಟರು ಬಂದರು, ನನ್ನಷ್ಟೇ ವಯಸ್ಸಿನ ಹೆಂಗಸು. ಕಣ್ಣಿಗೆ ಔಷಧಿ ಬಿಟ್ಟು, ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ರೆಪ್ಪೆ ಮುಚ್ಚದಂತೆ ಸಣ್ಣ ತಂತಿ ಇಟ್ಟು ನೋಡಿದರು. ಚಿಕ್ಕವಳದು ಬೇಗ ಮುಗಿಯಿತು. ದೊಡ್ಡವಳ ಮೇಲೆ ತುಂಬ ಹೊತ್ತು ಬಗ್ಗಿದ್ದರು. ಆಮೇಲೆ ನಮ್ಮಿಬ್ಬರನ್ನೂ ಒಳಗೆ ಕರೆದರು.

ಕಣ್ಣಿನ ಹಿಂದುಗಡೆ ತೆಳ್ಳನೆಯ ಪರದೆ ಇರುತ್ತದೆ, ನೋಟವೆಲ್ಲ ಅದರಲ್ಲೇ. ಅದಕ್ಕೆ ರಕ್ತನಾಳಗಳು ತಾಯಿಯ ಹೊಟ್ಟೆಯಲ್ಲಿ ಕೊನೆಯ ಮೂರು ತಿಂಗಳು ಬೆಳೆಯುತ್ತ ಹೋಗುತ್ತವೆ. ಇವಳಿಗೆ ಆ ಮೂರು ತಿಂಗಳು ಸಿಗಲಿಲ್ಲ. ಈಗ ನಾಳಗಳು ಅಡ್ಡಾದಿಡ್ಡಿ ಹಬ್ಬುತ್ತಿವೆ, ಹೀಗೇ ಬಿಟ್ಟರೆ ಪರದೆಯನ್ನೇ ಎಳೆದು ಕಿತ್ತುಬಿಡುತ್ತವೆ. ನಾಳೆಯೇ ಲೇಸರ್ ಮಾಡಬೇಕು ಎಂದರು.

"ಯಾಕ್ ಮೇಡಂ ಹಿಂಗಾಯ್ತು? ನಮ್ದೇನಾದ್ರೂ ತಪ್ಪಾ?" ಎಂದು ನನ್ನ ಗಂಡ ಕೇಳಿದರು.

"ಯಾರ ತಪ್ಪೂ ಅಲ್ಲ. ತುಂಬಾ ಬೇಗ ಹುಟ್ಟಿದ್ದಾಳೆ, ತೂಕ ಕಡಿಮೆ. ಜಾಸ್ತಿ ದಿನ ಆಕ್ಸಿಜನ್ ಮೇಲಿದ್ಲು, ಸೋಂಕಾಯ್ತು, ರಕ್ತ ಹಾಕ್ಬೇಕಾಯ್ತು, ತೂಕಾನೂ ಬೇಗ ಏರ್ಲಿಲ್ಲ. ಇಂಥ ಮಕ್ಕಳಿಗೇ ಇದು ಬರೋ ಸಾಧ್ಯತೆ ಹೆಚ್ಚು."

"ರಕ್ತಾನೂವಾ ಮೇಡಂ?"

ಡಾಕ್ಟರು ಅವರ ಮುಖ ನೋಡಿದರು. "ರಕ್ತ ಹಾಕದೇ ಇದ್ದಿದ್ರೆ ಮಗು ಉಳೀತಿರ್ಲಿಲ್ಲ," ಎಂದರು.

ಹೊರಗೆ ಬೆಂಚಿನ ಮೇಲೆ ಕೂತು ನನ್ನ ಗಂಡ ಬಹಳ ಹೊತ್ತು ರಕ್ತ ತೆಗೆದಿದ್ದ ತಮ್ಮ ಮೊಣಕೈ ಒಳಗಡೆಯನ್ನು ಉಜ್ಜಿಕೊಳ್ಳುತ್ತಿದ್ದರು. ನನ್ನ ತಲೆಯಲ್ಲಿ ಬೇರೆಯದೇ ಸುತ್ತುತ್ತಿತ್ತು. ಬೇಗ ಹುಟ್ಟಿದ್ದು ನನ್ನ ಬಿ.ಪಿ.ಯಿಂದ. ತೂಕ ಏರದಿದ್ದದ್ದು ನನ್ನ ಹಾಲು ಸಾಲದ್ದರಿಂದ. ಇನ್ನು ಆ ಆಕ್ಸಿಜನ್, ಅದನ್ನಂತೂ ಬಾಯಿಬಿಟ್ಟು ಹೆಚ್ಚು ಕೇಳಿದವಳು ನಾನೇ. ಅವಳ ಜೀವ ಹಿಡಿದಿಟ್ಟಿದ್ದೆಲ್ಲವೂ ಆ ಡಾಕ್ಟರ ಬಾಯಲ್ಲಿ ಅವಳ ಕಣ್ಣಿಗೆ ಮುಳುವಾಗಿ ಬಂದಿತ್ತು.

ಆ ನರ್ಸನ್ನು ಹುಡುಕಿಕೊಂಡು ಹೋದೆ. "ಅವತ್ತು ಏನೇನೋ ಅಂದ್ಬುಟ್ಟೆ ಸಿಸ್ಟರ್," ಎಂದೆ. "ಎಲ್ಲಾ ತಾಯಂದ್ರೂ ಅಂತಾರೆ ಬಿಡಮ್ಮ," ಎಂದು ಅವಳು ನನ್ನ ಕೈ ಹಿಡಿದುಕೊಂಡಳು. "ನೀವು ಕೇಳಿದ್ರಿ ಅಂತ ನಾವು ಒಂದ್ ಚೂರೂ ಜಾಸ್ತಿ ಕೊಟ್ಟಿಲ್ಲ. ಅದನ್ನ ತಲೇಲಿ ಇಟ್ಕೋಬೇಡಿ." ಅವಳು ಹೇಳಿದ್ದು ನಿಜ. ಆದರೂ ಅದು ನನ್ನ ತಲೆಯಿಂದ ಹೋಗಿಲ್ಲ.

ಲೇಸರ್ ಎರಡು ಸಲ ಆಯಿತು. ಎಡಗಣ್ಣು ಅಷ್ಟಿಷ್ಟು ತಡೆದುಕೊಂಡಿತು. ಬಲಗಣ್ಣಿನ ಪರದೆ ಕಿತ್ತುಬಂತು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆವು, ಅದೂ ಕೈಗೂಡಲಿಲ್ಲ. ಎಡಗಣ್ಣಿನಲ್ಲಾದರೂ ಕಾಣುತ್ತದೆಂಬ ನಂಬಿಕೆ ಮಾತ್ರ ಇನ್ನೂ ಸ್ವಲ್ಪ ದಿನ ಉಳಿದಿತ್ತು. ಒಂದು ದಿನ ಅತ್ತೆ ಇಬ್ಬರನ್ನೂ ಚಾಪೆಯ ಮೇಲೆ ಮಲಗಿಸಿ ಸ್ಟೀಲ್ ಲೋಟವನ್ನು ಬಿಸಿಲಿಗೆ ಹಿಡಿದು ಆಡಿಸಿದರು. ಚಿಕ್ಕವಳ ಕಣ್ಣು ಲೋಟದ ಹಿಂದೆಯೇ ಹೋಯಿತು. ದೊಡ್ಡವಳು ಸುಮ್ಮನಿದ್ದಳು. ಲೋಟಕ್ಕೆ ಬಳೆ ತಾಗಿ ಸದ್ದಾದ ಮೇಲಷ್ಟೇ ತಲೆ ಹೊರಳಿಸಿದಳು. ಅತ್ತೆ ಲೋಟ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದರು.

ಈಗ ಇಬ್ಬರಿಗೂ ಆರು ವರ್ಷ. ದೊಡ್ಡವಳಿಗೆ ಎಡಗಣ್ಣಿನಲ್ಲಿ ಬೆಳಕು, ಅಡ್ಡಬರುವ ನೆರಳು ತಿಳಿಯುತ್ತದೆ, ಅಷ್ಟೇ. ಮನೆಯಲ್ಲಿ ತಂಗಿಯ ಫ್ರಾಕಿನ ತುದಿ ಹಿಡಿದುಕೊಂಡೇ ಓಡಾಡುತ್ತಾಳೆ. ಹೋದ ಬೇಸಿಗೆಯ ಒಂದು ಭಾನುವಾರ ಜಡೆ ಹೆಣೆಯುತ್ತಿದ್ದಾಗ ಕೇಳಿದಳು:

"ಅಮ್ಮ, ನಂಗ್ಯಾಕೆ ಕಾಣಲ್ಲ?"

"ನೀನು ಬೇಗ ಹುಟ್ಬುಟ್ಟೆ ಕಣವ್ವ. ಕಣ್ಣು ಇನ್ನೂ ಬೆಳೆದಿರ್ಲಿಲ್ಲ."

"ಅವಳೂ ನನ್ ಜೊತೇಲೇ ಹುಟ್ಟಿದ್ಲಲ್ಲ?"

ಜಡೆ ನನ್ನ ಕೈಯಿಂದ ಬಿಚ್ಚಿಹೋಯಿತು. ನಿನಗೆ ಅವಳಿಗಿಂತ ಹೆಚ್ಚು ಕಾಯಿಲೆಯಾಗಿತ್ತು, ಹೆಚ್ಚು ಔಷಧಿ ಬೇಕಾಯಿತು ಎಂದು ಏನೋ ಹೇಳಿದೆ. ಅವಳು, "ಇನ್ನೊಂದ್ಸಲ ಹುಟ್ಟಿದ್ರೆ ನಿಧಾನಕ್ಕೆ ಬರ್ತೀನಿ," ಎಂದಳು. ಮತ್ತೆ ಮೊದಲಿನಿಂದ ಜಡೆ ಹೆಣೆದೆ.

ಜೂನ್‌ನಲ್ಲಿ ಶಾಲೆ. ಇಬ್ಬರನ್ನೂ ಒಂದೇ ಕಡೆ ಸೇರಿಸಲು ಎರಡು ಮೂರು ಕಡೆ ಓಡಾಡಿದೆವು. ಮನೆ ಹತ್ತಿರದ ಶಾಲೆಯ ಟೀಚರ್ ಒಳ್ಳೆಯವರು, ಆದರೆ ಚುಕ್ಕಿಗಳನ್ನು ಬೆರಳಲ್ಲಿ ಮುಟ್ಟಿ ಓದುವುದನ್ನು ಕಲಿಸಲು ಅಲ್ಲಿ ಯಾರೂ ಇಲ್ಲ. ಕಡೆಗೆ ದೊಡ್ಡವಳನ್ನು ಊರಿನ ಇನ್ನೊಂದು ತುದಿಯ, ಕಣ್ಣು ಕಾಣದ ಮಕ್ಕಳ ಶಾಲೆಗೆ ಸೇರಿಸಿದೆವು. ಮೊದಲ ದಿನ ವ್ಯಾನ್ ಬಂದಾಗ ಅವಳು ಅಳಲಿಲ್ಲ. ಅಪ್ಪ ಎತ್ತಿ ಕೂರಿಸಿದರು. ಒಳಗೆ ಪಕ್ಕದಲ್ಲಿದ್ದ ಹುಡುಗಿಯ ಮುಖವನ್ನು ಮೆಲ್ಲಗೆ ಮುಟ್ಟಿ ನೋಡಿದಳು.

ಅತ್ತಿದ್ದು ಚಿಕ್ಕವಳು. ಹೊಸ ಬೂಟು ಹಾಕಿಕೊಂಡು ಗೇಟಿನ ಹತ್ತಿರ ನಿಂತವಳು, ವ್ಯಾನ್ ತಿರುವು ದಾಟಿದ ಮೇಲೂ ಅಲ್ಲಾಡಲಿಲ್ಲ. "ಅಲ್ಲಿ ಅವಳು ಯಾರನ್ನ ಹಿಡ್ಕೋತಾಳೆ?" ಎಂದು ಕೇಳುತ್ತಲೇ ಇದ್ದಳು. ಅವಳ ಶಾಲೆಗೆ ಹೊತ್ತಾಗಿತ್ತು. ಎತ್ತಿಕೊಂಡು ನಡೆದೆ, ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ಅಳುತ್ತಿದ್ದಳು.